ಹೆಸರು ಅಳತೆಯಲ್ಲ

ಸ್ಕಾಟ್ಲೆಂಡಿನ ಕೆಲವು ಪಾನಗೃಹಗಳಲ್ಲಿ ಬಿಯರಿನ ಹೆಸರಿನೊಡನೆ 60, 70, 80 ಷಿಲಿಂಗ್ ಎಂಬ ಅಂಕೆಗಳು ಇಂದಿಗೂ ಕಾಣುವುದುಂಟು. ಅವನ್ನು ಬೆಲೆಯೆಂದು ತಿಳಿದವನು ಮೋಸಹೋದಾನು. ಅವು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಪೀಪಾಯಿ ಬಿಯರಿಗೆ ಇದ್ದ ದರಗಳು. ಬಿಯರು ಕಡುವಾದಷ್ಟೂ ದರ ಹೆಚ್ಚು. ಆದಕಾರಣ ದರವೇ ದರ್ಜೆಯ ಹೆಸರಾಯಿತು. 1971ರಲ್ಲಿ ಬ್ರಿಟನ್ನು ದಶಮಾಂಶ ನಾಣ್ಯಪದ್ಧತಿಯನ್ನು ಅಂಗೀಕರಿಸಿದಾಗ ಷಿಲಿಂಗು ಲೆಕ್ಕದಿಂದ ಹೋಯಿತು, ಬಿಯರಿನ ಹೆಸರಿನಲ್ಲಿ ಉಳಿಯಿತು. ಇದೇ ದರ್ಜೆಗಳಿಗೆ ‘ಲೈಟ್’, ‘ಹೆವಿ’ ಎಂಬ ಹೆಸರುಗಳೂ ಉಂಟು. ‘ಲೈಟ್’ ಬಣ್ಣದಲ್ಲಿ ತಿಳಿಯಾಗಿರಬೇಕಿಲ್ಲ. ಎಷ್ಟೋ ವೇಳೆ ಅದೇ ಹೆಚ್ಚು ಕಪ್ಪು. ‘ಹೆವಿ’ಯ ಲೋಟವನ್ನು ಎತ್ತಿ ನೋಡಿದರೆ ಕೈಗೆ ತಿಳಿಯುವಷ್ಟು ಭಾರವೂ ಇರದು.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇಲ್ಲೊಂದು ಪಾಠ ಕಾಣುತ್ತದೆ. ಪಾನವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಕೊಳ್ಳುವವನಿಗೆ ತಿಳಿಸಬೇಕಾದುದು ಹೆಸರನ್ನೋ ಅಳತೆಯನ್ನೋ ಎಂಬುದಷ್ಟೇ ನಮ್ಮ ಪ್ರಶ್ನೆ.

ಅಳತೆಯೇನೂ ಕಷ್ಟವಲ್ಲ. ಮೊಳೆತು ಒಣಗಿದ ಜವೆಗೋಧಿಯನ್ನು ಬಿಸಿನೀರಿನಲ್ಲಿ ನೆನೆಸಿ ಬಸಿದ ರಸದಲ್ಲಿ ಸಕ್ಕರೆ ಕರಗಿರುವುದರಿಂದ ಅದು ನೀರಿಗಿಂತ ಭಾರ. ಒಂದು ಲೀಟರು ನೀರು 1000 ಗ್ರಾಂ ತೂಗಿದರೆ ಈ ರಸ 1040 ಗ್ರಾಂ ತೂಗಬಹುದು. ಯೀಸ್ಟು ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲದ ಡೈಆಕ್ಸೈಡನ್ನಾಗಿಯೂ ಮಾರ್ಪಡಿಸುತ್ತದೆ. ಅನಿಲದ ಬಹುಭಾಗ ಹೊರಹೋಗುತ್ತದೆ; ಮದ್ಯಸಾರವು ನೀರಿಗಿಂತ ಹಗುರ. ಆದ್ದರಿಂದ ಹುದುಗಿದ ಮೇಲೆ ಲೀಟರಿನ ತೂಕ 1010 ಗ್ರಾಮಿಗೆ ಇಳಿಯಬಹುದು. ಆರ್ಕಿಮಿಡೀಸನ ತತ್ತ್ವದಂತೆ ತೇಲುವ ಹೈಡ್ರೋಮೀಟರು ಈ ಎರಡನ್ನೂ ತೋರಿಸುತ್ತದೆ. ವ್ಯತ್ಯಾಸ 30, ಅದನ್ನು ಸುಮಾರು ಏಳೂವರೆಯಿಂದ ಭಾಗಿಸಿದರೆ ಗಾತ್ರದಲ್ಲಿ ಶೇಕಡ 4 ಮದ್ಯಸಾರವಿದೆಯೆಂದು ತಿಳಿಯುತ್ತದೆ. ಬ್ರಿಟನ್ನಿನ ಸರ್ಕಾರ 1880ರಿಂದ ಹುದುಗುವ ಮೊದಲಿನ ಸಾಂದ್ರತೆಯನ್ನು ಅಳೆದು ತೆರಿಗೆ ಹಾಕಿತು. 1993ರಿಂದ ಸಿದ್ಧವಾದ ಬಿಯರಿನ ಮದ್ಯಸಾರವನ್ನು ನೋಡಿ ಹಾಕುತ್ತಿದೆ. ಸುಂಕದವನು ಹೆಸರನ್ನು ನಂಬಲಿಲ್ಲ. ಕೊಳ್ಳುವವನು ಮಾತ್ರ ಏಕೆ ನಂಬಬೇಕು?

ಲೆಕ್ಕಮಾಡಿ ನೋಡೋಣ. ಒಂದು ಪೈಂಟು ಎಂದರೆ 568 ಮಿಲಿಲೀಟರು. ಶೇಕಡ 4ರ ಬಿಯರಿನ ಪೂರ್ಣ ಪೈಂಟಿನಲ್ಲಿ 22.7 ಮಿಲಿಲೀಟರು ಮದ್ಯಸಾರವಿರುತ್ತದೆ. ಅಲ್ಲಿ 2011ರಿಂದ ಪೈಂಟಿನ ಮೂರರಲ್ಲೆರಡು ಪಾಲಿನ ಲೋಟಕ್ಕೂ ಅನುಮತಿಯಿದೆ. ಶೇಕಡ 6ರ ಬಿಯರನ್ನು ಆ ಲೋಟದಲ್ಲಿ ತುಂಬಿದರೆ ಮದ್ಯಸಾರವೆಷ್ಟು? ಅದೂ 22.7 ಮಿಲಿಲೀಟರೇ! ‘ಚಿಕ್ಕ ಲೋಟವಷ್ಟೆ’ ಎಂದು ಸಮಾಧಾನಪಟ್ಟುಕೊಂಡವನ ರಕ್ತಕ್ಕೆ ಲೋಟದ ಗಾತ್ರ ತಿಳಿಯದು. ಸ್ಕಾಟ್ಲೆಂಡಿನಲ್ಲಿ 2014ರಿಂದ ವಾಹನ ನಡೆಸುವವನ 100 ಮಿಲಿಲೀಟರು ರಕ್ತದಲ್ಲಿ 50 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಇರಕೂಡದು. ಇಲ್ಲಿ ತಪ್ಪು ತಿಳಿದವನಿಗಷ್ಟೇ ಅಲ್ಲ, ದಾರಿಯಲ್ಲಿ ನಡೆಯುವ ನಿರಪರಾಧಿಗೂ ಅಪಾಯ.

ಅಳತೆಯನ್ನು ಬರೆದರೆ ಕಡಮೆ ಹಣಕ್ಕೆ ಹೆಚ್ಚು ಅಮಲನ್ನು ಹುಡುಕುವವರಿಗೆ ಅನುಕೂಲವಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅದಕ್ಕೆ ಮದ್ದು ಅಜ್ಞಾನವಲ್ಲ. ಸ್ಕಾಟ್ಲೆಂಡು 2018ರಲ್ಲಿ 10 ಮಿಲಿಲೀಟರು ಮದ್ಯಸಾರಕ್ಕೆ ಕನಿಷ್ಠ ಬೆಲೆ 50 ಪೆನ್ಸ್ ಎಂದು ವಿಧಿಸಿತು. 2024ರಲ್ಲಿ ಅದನ್ನು 65ಕ್ಕೆ ಏರಿಸಿತು. ಹಾಗೆ ವಿಧಿಸುವುದಕ್ಕೂ ಅಳತೆಯೇ ಬೇಕಾಯಿತಲ್ಲವೆ?

ಹಳೆಯ ಹೆಸರುಗಳನ್ನು ಅಳಿಸಿಹಾಕಿರೆಂದು ನಾವು ಹೇಳುವುದಿಲ್ಲ, ಅವುಗಳಲ್ಲಿ ಚರಿತ್ರೆಯಿದೆ. ಆದರೆ ಪಾನಗೃಹದ ಪ್ರತಿಯೊಂದು ದರಪಟ್ಟಿಯಲ್ಲಿಯೂ ಗಾತ್ರ, ಶೇಕಡ ಮದ್ಯಸಾರ, ಬೆಲೆ ಈ ಮೂರೂ ಒಂದೇ ಸಾಲಿನಲ್ಲಿ ಇರಲೇಬೇಕು. ನಮ್ಮ ವಿದ್ಯಾರ್ಥಿಗಳು ಏಕಮಾನವಿಲ್ಲದೆ ಉತ್ತರ ಬರೆದರೆ ನಾವು ಪೂರ್ಣಾಂಕ ಕೊಡುವುದಿಲ್ಲ. ವರ್ತಕನು ಬರೆಯುವ ಉತ್ತರವನ್ನೂ ಅದೇ ಕಣ್ಣಿನಿಂದ ತಿದ್ದುವ ಅಭ್ಯಾಸ ನಿಮಗೆ ಬಂದರೆ, ಎಣ್ಣೆಯ ಡಬ್ಬಿಯಾಗಲಿ ಸಾಬೂನಾಗಲಿ, ಯಾವ ಅಂಗಡಿಯಲ್ಲಿಯೂ ಬರಿಯ ಹೆಸರು ನಿಮ್ಮನ್ನು ಮರುಳುಮಾಡಲಾರದು.