ಹಾವು ಕಚ್ಚಿದ್ದು ಹುಡುಗನಿಗೆ, ಶಿಕ್ಷೆ ಹುಡುಗಿಗೆ

ಐತಿಹಾಸಿಕ ಕಾದಂಬರಿ ಎಂದ ಕೂಡಲೇ ಮಕ್ಕಳ ಕಣ್ಣ ಮುಂದೆ ಬರುವುದು ಕೋಟೆ, ಕುದುರೆ, ಕತ್ತಿ, ಕಿರೀಟ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಿದ ವಿದ್ಯಾರ್ಥಿ ಚಿತ್ರದುರ್ಗ ಬಿದ್ದ ಬಗೆಯನ್ನು ಹೇಳಬಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವನಿಗೆ ಕೊಡಗಿನ ಕೊನೆಯ ಅರಸ 1834ರಲ್ಲಿ ಪಟ್ಟ ಕಳೆದುಕೊಂಡದ್ದು ನೆನಪಿರುತ್ತದೆ. ಇದು ಒಳ್ಳೆಯದೇ. ಆದರೆ ಅದೇ ಕಾಲದಲ್ಲಿ ಒಂದು ಸಾಧಾರಣ ಮನೆಯ ಒಳಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳ ಬದುಕು ಹೇಗಿತ್ತು ಎಂದು ಕೇಳಿದರೆ ಇಬ್ಬರೂ ಸುಮ್ಮನಾಗುತ್ತಾರೆ. ಶಾಸನದಲ್ಲಿ ಅವಳ ಹೆಸರಿಲ್ಲ, ಕಂದಾಯದ ಕಡತದಲ್ಲಿ ಅವಳ ಲೆಕ್ಕವಿಲ್ಲ. ಅವಳ ಚರಿತ್ರೆಯನ್ನು ಉಳಿಸಿಕೊಂಡು ಬಂದದ್ದು ಹೆಂಗಸರ ಮಾತು. ಅದನ್ನು ಪುಸ್ತಕಕ್ಕೆ ಇಳಿಸಿದ್ದು ಕಾದಂಬರಿ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಅಂಥ ಕಾದಂಬರಿ. 1976ರಲ್ಲಿ ಪ್ರಕಟವಾದ ಈ ಪುಸ್ತಕ ಗಾತ್ರದಲ್ಲಿ ಚಿಕ್ಕದು. ಪ್ರೇಮಾ ಕಾರಂತರು ಇದನ್ನು ಚಲನಚಿತ್ರವಾಗಿಸಿದರು, ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ಅನುವಾದಿಸಿದರು. ಹೈಸ್ಕೂಲಿನ ವಿದ್ಯಾರ್ಥಿ ಎರಡು ಮೂರು ದಿನದಲ್ಲಿ ಓದಿ ಮುಗಿಸಬಹುದು. ಆದರೆ ಓದಿದ್ದು ಮನಸ್ಸಿನಿಂದ ಅಷ್ಟು ಬೇಗ ಇಳಿಯುವುದಿಲ್ಲ.

ಕಥೆ ನಡೆಯುವುದು ಮಲೆನಾಡಿನ ತೀರ್ಥಹಳ್ಳಿ ಸೀಮೆಯಲ್ಲಿ. ಕಾದಂಬರಿಯ ಲೆಕ್ಕದಂತೆ ಫಣಿಯಮ್ಮ ಹುಟ್ಟಿದ್ದು 1840ರಲ್ಲಿ. ದೊಡ್ಡ ಕುಟುಂಬ, ಮನೆ ತುಂಬ ಜನ. ಒಂಬತ್ತಕ್ಕೆ ಮದುವೆ. ಸ್ವಲ್ಪ ಕಾಲದಲ್ಲೇ ಗಂಡನಾದ ಹುಡುಗ ಹಾವು ಕಚ್ಚಿ ತೀರಿಕೊಳ್ಳುತ್ತಾನೆ. ಹುಡುಗಿಗೆ ಮದುವೆಯೆಂದರೇನು ಎಂಬುದೇ ತಿಳಿಯದ ವಯಸ್ಸು. ಬಳೆ, ಹೂವು, ಕುಂಕುಮ ಹೋದವು. ಮೈನೆರೆದ ಮೇಲೆ ತಲೆಗೂದಲೂ ಹೋಯಿತು. ಅಲ್ಲಿಂದ ಮುಂದೆ ಮಡಿ, ಒಪ್ಪೊತ್ತಿನ ಊಟ, ಕಂಡವರ ಮನೆಯ ಅಡುಗೆ, ಬಾಣಂತನ. ತನಗೊಂದು ಮಗುವಿಲ್ಲದ ಹೆಂಗಸು ಊರಿನ ಎಷ್ಟೋ ಮಕ್ಕಳನ್ನು ಎತ್ತಿ ಆಡಿಸಿದಳು. ಹೀಗೆ ನೂರು ವರ್ಷಕ್ಕೂ ಮಿಗಿಲಾದ ಬದುಕು.

ವಿಜ್ಞಾನದ ವಿದ್ಯಾರ್ಥಿ ಈ ಕಥೆಯಲ್ಲಿ ಮೊದಲು ಗಮನಿಸಬೇಕಾದದ್ದು ಕಾರ್ಯಕಾರಣ ಸಂಬಂಧವನ್ನು. ಹುಡುಗ ಸತ್ತದ್ದೇಕೆ? ಹಾವಿನ ವಿಷದಿಂದ. ಆ ವಿಷಕ್ಕೆ ಮದ್ದು ಆಗ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಪ್ರಾಣಿಗಳಿಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸಿ ಔಷಧ ಮಾಡುವ ವಿಧಾನವನ್ನು ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮತ್ತಿತರರು ಕಂಡುಕೊಂಡದ್ದು 1890ರ ದಶಕದಲ್ಲಿ. ಅಂದರೆ ಆ ಸಾವಿಗೆ ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ. ವಿಷ ಮೈಗೆ ಹರಡಿತು, ಮದ್ದಿರಲಿಲ್ಲ, ಹುಡುಗ ಸತ್ತ. ಇಷ್ಟರಲ್ಲಿ ಆ ಹುಡುಗಿಯ ಪಾತ್ರ ಎಲ್ಲಿಯೂ ಇಲ್ಲ. ಆದರೂ ಹಾವು ಕಚ್ಚಿದ್ದಕ್ಕೆ ಜೀವಮಾನವಿಡೀ ಶಿಕ್ಷೆ ಅನುಭವಿಸಿದವಳು ಅವಳು. ಕಾಲ್ಗುಣ, ಹಣೆಬರಹ ಎಂಬ ಎರಡು ಮಾತುಗಳು ಕಾರಣವನ್ನು ಹುಡುಕುವ ಕೆಲಸವನ್ನೇ ತಪ್ಪಿಸಿಬಿಡುತ್ತವೆ. ತಿಳಿಯದ ಕಾರಣದ ಜಾಗದಲ್ಲಿ ಒಬ್ಬ ಮನುಷ್ಯರನ್ನು ತಂದು ನಿಲ್ಲಿಸುವುದು ಎಷ್ಟು ಕ್ರೂರವೆಂಬುದನ್ನು ಹತ್ತು ಪಾಠಗಳು ಹೇಳಿದರೂ ಈ ಒಂದು ಕಥೆ ಹೇಳಿದಷ್ಟು ಚೆನ್ನಾಗಿ ಹೇಳಲಾರವು.

ಎರಡನೆಯ ಮಾತು ಪಾಲಕರಿಗೆ. ಫಣಿಯಮ್ಮನ ಹೆತ್ತವರು ಕಟುಕರಲ್ಲ. ಮಗಳ ಮೇಲೆ ಅವರಿಗೆ ಪ್ರೀತಿ ಇತ್ತು, ಅವಳ ಗತಿ ಕಂಡು ಸಂಕಟವೂ ಇತ್ತು. ಇಲ್ಲದ್ದು ಧೈರ್ಯ. ನಾಲ್ಕು ಜನ ಏನೆನ್ನುತ್ತಾರೋ ಎಂಬ ಅಂಜಿಕೆ ಆ ಪ್ರೀತಿಗಿಂತ ದೊಡ್ಡದಾಯಿತು. ಇದನ್ನು ಓದುವಾಗ ‘ಆ ಕಾಲದವರು ಮೂಢರು’ ಎಂದು ಹೇಳಿ ಪುಟ ತಿರುಗಿಸಿಬಿಡುವುದು ಸುಲಭ. ಆದರೆ ಅದೇ ನಾಲ್ಕು ಜನ ಇಂದಿಗೂ ಬೀದಿಯಲ್ಲೇ ಇದ್ದಾರೆ. ಹತ್ತನೆಯ ತರಗತಿ ಮುಗಿಸಿದ ಮಗಳನ್ನು ದೂರದ ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂದು ಮನೆಯಲ್ಲಿ ಮಾತಾಗುವಾಗ, ಬಸ್ಸಿನ ಪಾಸಿನ ಹಣಕ್ಕಿಂತ ಮೊದಲು ಮುಂದೆ ಬಂದು ಕೂರುವವರು ಅವರೇ.

ಕಾನೂನಿನ ದಾರಿಯನ್ನೂ ಈ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ಮೈಸೂರು ಸಂಸ್ಥಾನ 1894ರಲ್ಲಿಯೇ ಬಾಲ್ಯವಿವಾಹದ ವಿರುದ್ಧ ಕಾಯಿದೆ ತಂದಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಅದು ತಡೆದದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು, ಮತ್ತು ಐವತ್ತು ದಾಟಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನು. ಆ ಕಾಯಿದೆ ಅರ್ಧ ಶತಮಾನ ಮೊದಲೇ ಬಂದಿದ್ದರೂ ಒಂಬತ್ತರ ಫಣಿಯಮ್ಮನ ಮದುವೆ ತಪ್ಪುತ್ತಿರಲಿಲ್ಲ! ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಹುಡುಗಿಯ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿತು. ದೇಶದಲ್ಲಿ ಅದು ಹದಿನೆಂಟಕ್ಕೆ ಬಂದದ್ದು 1978ರಲ್ಲಿ. 2006ರ ಕೇಂದ್ರ ಕಾಯಿದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಸಾರಿತು. ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತನಾಲ್ಕು ವರ್ಷ ಹಿಡಿಯಿತು. ಈ ಸಂಖ್ಯೆಗಳನ್ನು ಬರಿದೇ ಉರು ಹೊಡೆದ ವಿದ್ಯಾರ್ಥಿ ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾನೆ. ಫಣಿಯಮ್ಮನನ್ನು ಓದಿದವನು ಮರೆಯುವುದಿಲ್ಲ.

ಹಾಗಾದರೆ ಕಾದಂಬರಿಯಲ್ಲಿ ಇರುವುದೆಲ್ಲ ನಿಜವೇ? ಚುರುಕು ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಫಣಿಯಮ್ಮ ನಿಜವಾಗಿ ಬದುಕಿದ್ದ ಹೆಂಗಸು, ಲೇಖಕಿಯ ಬಂಧು. ಆಕೆಯ ಬಾಯಿಂದ ಕೇಳಿದ್ದನ್ನು ಲೇಖಕಿಯ ತಾಯಿ ಮಗಳಿಗೆ ಹೇಳಿದರು, ಮಗಳು ಬರೆದರು. ಮೂರು ಹೆಂಗಸರ ಮೂಲಕ ಹರಿದು ಬಂದ ಕಥೆ ಇದು. ಫಣಿಯಮ್ಮ 112 ವರ್ಷ ಬಾಳಿದರೆಂದು ಕಾದಂಬರಿ ಹೇಳುತ್ತದೆ. 1840ರ ಕಾಲಕ್ಕೆ ಮಲೆನಾಡಿನ ಹಳ್ಳಿಯಲ್ಲಿ ಜನನ ನೋಂದಣಿ ಇರಲಿಲ್ಲ. ದೇಶಕ್ಕೆಲ್ಲ ಒಂದೇ ಆಗಿ ಅನ್ವಯಿಸುವ ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಹಾಗಾಗಿ ಈ ವಯಸ್ಸಿಗೆ ಆಧಾರ ಮನೆಯವರ ನೆನಪು. ಆದರೆ ಬಾಲವಿಧವೆಯರ ಸ್ಥಿತಿಗೆ ಆಧಾರ ನೆನಪು ಮಾತ್ರವಲ್ಲ, ಕಾಯಿದೆಗಳೂ ಆ ಕಾಲದ ಬರಹಗಳೂ ಅದಕ್ಕೆ ಸಾಕ್ಷಿ.

ಆದ್ದರಿಂದ ಓದುವಾಗ ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆ ಒಂದು ಹಾಳೆಯಲ್ಲಿ ಮೂರು ಕಲಂ ಹಾಕಿಕೊಳ್ಳುವುದು ಒಳ್ಳೆಯದು. ಮೊದಲನೆಯದರಲ್ಲಿ ದಾಖಲೆಯಿಂದ ಪರೀಕ್ಷಿಸಬಹುದಾದ ಸಂಗತಿ. ಎರಡನೆಯದರಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಮೂರನೆಯದರಲ್ಲಿ ಲೇಖಕಿ ಕಲ್ಪಿಸಿಕೊಂಡಿರಬಹುದಾದದ್ದು, ಅಂದರೆ ಪಾತ್ರಗಳ ಮನಸ್ಸಿನೊಳಗಿನ ಮಾತು, ಆ ಹೊತ್ತಿನ ಸಂಭಾಷಣೆ. ಮೂರನೆಯ ಕಲಂ ಸುಳ್ಳಿನದಲ್ಲ. ದಾಖಲೆಯಲ್ಲಿ ಸಿಗದ ನೋವನ್ನು ತಲುಪುವ ದಾರಿ ಅದು.

ಒಂದು ಪುಸ್ತಕಕ್ಕೇ ನಿಲ್ಲಬೇಕಾಗಿಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ, ಫಣಿಯಮ್ಮ ಬದುಕಿದ್ದಾಗಲೇ ಪ್ರಕಟವಾಯಿತು. ಅದರಲ್ಲಿ ಎಳೆಯ ವಿಧವೆ ಓದು ಕಲಿತು ಮರುಮದುವೆಯಾಗುತ್ತಾಳೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯ ಅಜ್ಜಿಯೂ ಬಾಲವಿಧವೆಯೇ. ಕಲ್ಪನೆ ಸಾಕು, ನಿಜ ಬೇಕು ಎನ್ನುವವರಿಗೆ ನಂಜನಗೂಡು ತಿರುಮಲಾಂಬಾ (1887–1982) ಇದ್ದಾರೆ. ಚಿಕ್ಕಂದಿನಲ್ಲೇ ವಿಧವೆಯಾದ ಅವರು ಕಾದಂಬರಿ ಬರೆದರು, ಪುಸ್ತಕ ಪ್ರಕಟಿಸಿದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆ ನಡೆಸಿದರು. ಅದೇ ಸಮಾಜ, ಅದೇ ದುರ್ದೆಸೆ. ಬದಲಾದದ್ದು ಎಲ್ಲಿ? ಅವರ ಕೈಗೆ ಅಕ್ಷರ ಸಿಕ್ಕಿತ್ತು. ಇಂದಿರಾ ಅವರ ಶಾಲೆಯ ಓದೂ ಏಳು ವರ್ಷದ್ದು ಮಾತ್ರ. ನಲವತ್ತು ದಾಟಿದ ಮೇಲೆ ಬರೆಯಲು ಕೂತು, 1963ರಲ್ಲಿ ಮೊದಲ ಕಾದಂಬರಿ ‘ತುಂಗಭದ್ರ’ವನ್ನು ಕೊಟ್ಟರು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಇಂಥ ಕಾದಂಬರಿಗಳನ್ನು ಹೆಣ್ಣುಮಕ್ಕಳ ಕೈಗಿಟ್ಟು ‘ನೋಡು, ಎಷ್ಟು ಸಹಿಸಿಕೊಂಡರು, ನೀನೂ ಹಾಗಿರು’ ಎಂದರೆ ಓದಿದ್ದು ದಂಡ. ಫಣಿಯಮ್ಮ ದೊಡ್ಡವರಾದದ್ದು ಸಹಿಸಿದ್ದರಿಂದಲ್ಲ. ಅಸ್ಪೃಶ್ಯರೆಂದು ಊರು ದೂರ ಇಟ್ಟಿದ್ದ ಮನೆಯ ಹೆಣ್ಣುಮಗಳ ಹೆರಿಗೆ ಕಠಿಣವಾದಾಗ, ಮಡಿಯ ಗೋಡೆ ದಾಟಿ ಹೋಗಿ ಮಗುವನ್ನು ಹೊರತಂದವರು ಆಕೆ. ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ಹಟ ಹಿಡಿದಾಗ, ಹಿರಿಯರ ಎದುರು ಆ ಹುಡುಗಿಯ ಪಕ್ಷ ವಹಿಸಿದವರೂ ಆಕೆಯೇ. ‘ನಾನು ಅನುಭವಿಸಿದೆ, ನೀನೂ ಅನುಭವಿಸು’ ಎನ್ನುವುದು ಲೋಕದ ರೂಢಿ. ‘ನನಗಾದದ್ದು ನಿನಗಾಗುವುದು ಬೇಡ’ ಎನ್ನಲು ದೊಡ್ಡ ಮನಸ್ಸು ಬೇಕು. ಕುಟುಂಬದ ಬಾಂಧವ್ಯ ಎಂಬ ಮಾತಿಗೆ ತೂಕ ಬರುವುದು ಅಲ್ಲಿ.

ಈ ಕಾದಂಬರಿಯನ್ನು ಹುಡುಗಿಯರಷ್ಟೇ ಓದಿದರೆ ಸಾಲದು. ಹುಡುಗರೂ ಓದಬೇಕು, ಅಪ್ಪಂದಿರು ಮೊದಲು ಓದಬೇಕು. ಊರಿನ ಗ್ರಂಥಾಲಯದಲ್ಲಿ ಸಿಕ್ಕರೆ ಒಂದೇ ಪ್ರತಿ ಮನೆಮಂದಿಗೆಲ್ಲ ಸಾಕು, ರಾತ್ರಿ ಊಟವಾದ ಮೇಲೆ ಸರದಿಯಂತೆ ಗಟ್ಟಿಯಾಗಿ ಓದಬಹುದು. ಮನೆಯಲ್ಲಿ ಅಜ್ಜಿ ಇದ್ದರೆ ಪುಸ್ತಕ ಮುಚ್ಚಿಟ್ಟು ಒಂದೆರಡು ಪ್ರಶ್ನೆ ಕೇಳಬಹುದು. ‘ಅಜ್ಜಿ, ನಿಮಗೆ ಮದುವೆ ಆದಾಗ ವಯಸ್ಸೆಷ್ಟು? ಶಾಲೆ ಬಿಟ್ಟದ್ದು ಯಾವ ಕ್ಲಾಸಿಗೆ? ಬಿಡಿಸಿದ್ದು ಯಾರು?’ ಮೊದಲು ಅವರು ನಕ್ಕು ತಳ್ಳಿಹಾಕಬಹುದು. ಎರಡನೆಯ ಸಲ ಕೇಳಿದರೆ ಹೇಳುತ್ತಾರೆ. ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಆ ಚರಿತ್ರೆಗೆ ಬೇರೆ ಪ್ರತಿ ಇಲ್ಲ.

ಅದನ್ನು ಬರೆದುಕೊಳ್ಳುವವಳು ಆ ಮನೆಯ ಹತ್ತನೆಯ ತರಗತಿಯ ಹುಡುಗಿಯೇ ಆದರೆ, ಪಕ್ಕದಲ್ಲಿ ಕೂತು ಕೇಳುವ ಅಪ್ಪನಿಗೆ ಮುಂದಿನ ವರ್ಷದ ಕಾಲೇಜಿನ ಪ್ರಶ್ನೆಗೆ ಉತ್ತರ ಹುಡುಕಲು ನಾಲ್ಕು ಜನರ ಬಳಿ ಹೋಗಬೇಕಾಗಿ ಬರುವುದಿಲ್ಲ.