ತಂಗಳು ಯಾರ ಪಾಲು?

ಒಂಟಿಯಾಗಿ ಬಾಳುವ ಗಂಡಸೊಬ್ಬ ‘ಇವತ್ತು ನಿನ್ನೆಯ ಅನ್ನಕ್ಕೇ ಒಗ್ಗರಣೆ ಹಾಕಿಕೊಂಡು ತಿಂದೆ’ ಎಂದರೆ ಸಾಕು, ಕೇಳಿದವರು ‘ಅಯ್ಯೋ ಪಾಪ’ ಎನ್ನುತ್ತಾರೆ. ಹಿಂದೆಯೇ ಪರಿಹಾರವನ್ನೂ ಸೂಚಿಸುತ್ತಾರೆ: ‘ಬೇಗ ಒಂದು ಮದುವೆಯಾಗಿಬಿಡು ಮಾರಾಯ.’ ಅದೇ ಮಾತನ್ನು ಅವನ ತಾಯಿಯೋ ಅಕ್ಕನೋ ಹೇಳಿದರೆ ಯಾರಿಗೂ ಕನಿಕರ ಹುಟ್ಟುವುದಿಲ್ಲ. ಗಂಡಸಿನ ತಟ್ಟೆಯಲ್ಲಿ ದುರಂತವಾಗಿ ಕಾಣುವ ತಂಗಳನ್ನ ಹೆಂಗಸಿನ ತಟ್ಟೆಯಲ್ಲಿ ಸದ್ಗುಣವಾಗುವುದು ಹೇಗೆ? ನನ್ನ ತಕರಾರು ಇರುವುದು ಇಲ್ಲಿ.

ಕರಾವಳಿಯ ಮನೆ ಬಿಟ್ಟು ಕೆಲಸಕ್ಕೆಂದು ಬೆಂಗಳೂರು ಸೇರಿ ಒಂದು ಕೋಣೆಯಲ್ಲಿ ಒಲೆ ಹಚ್ಚಿದಾಗ ನನಗೆ ಮೊದಲು ಅರ್ಥವಾದದ್ದು ಒಂದೇ ವಿಷಯ: ಒಬ್ಬನಿಗೆಂದು ಲೆಕ್ಕ ಹಾಕಿ ಅಡುಗೆ ಮಾಡಲು ಆಗುವುದಿಲ್ಲ. ಒಂದು ಹಿಡಿ ಬೇಳೆ ಬೇಯಿಸಿದರೂ ಸಾರು ಎರಡು ಹೊತ್ತಿಗೆ ಆಗುತ್ತದೆ. ತೆಂಗಿನಕಾಯಿ ಒಡೆದರೆ ಅರ್ಧ ಹೋಳು ಉಳಿಯುತ್ತದೆ. ಅಂದರೆ ಉಳಿಕೆ ಎಂಬುದು ಒಂಟಿ ಅಡುಗೆಯ ತಪ್ಪಲ್ಲ, ಅದರ ನಿಯಮ. ಉಳಿದದ್ದನ್ನು ಮುಂದಿನ ಹೊತ್ತಿಗೆ ಬೇರೊಂದು ರೂಪಕ್ಕೆ ತರಲು ಬಾರದವನು ಅಡುಗೆ ಕಲಿತಿಲ್ಲ ಎಂದೇ ಅರ್ಥ. ನಾನೂ ಕಲಿತಿರಲಿಲ್ಲ. ನನ್ನ ಉಮ್ಮ ನಲವತ್ತು ವರ್ಷ ಈ ಲೆಕ್ಕವನ್ನು ಬಾಯಿ ಬಿಡದೆ ಹಾಕುತ್ತಾ ಬಂದಿದ್ದರು. ನಾವು ಅದನ್ನು ನೋಡಿಯೇ ಇರಲಿಲ್ಲ.

ನಮ್ಮ ಭಾಷೆಗೆ ಈ ವಿಷಯದಲ್ಲಿ ನಮಗಿಂತ ಹೆಚ್ಚು ವಿವೇಕವಿದೆ. ತಂಗಳು ಬೇರೆ, ಹಳಸಿದ್ದು ಬೇರೆ, ಎಂಜಲು ಬೇರೆ. ರಾತ್ರಿ ತಂಗಿದ್ದು ತಂಗಳು. ಕೆಟ್ಟದ್ದು ಹಳಸಿದ್ದು. ಇನ್ನೊಬ್ಬರ ಬಾಯಿ ಮುಟ್ಟಿದ್ದು ಎಂಜಲು. ಇಂದು ನಾವು ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ಮೂಗು ಮುರಿಯುತ್ತಿದ್ದೇವೆ. ಫ್ರಿಜ್ಜಿಗೆ ‘ತಂಗಳು ಪೆಟ್ಟಿಗೆ’ ಎಂದು ತಮಾಷೆ ಮಾಡುವ ನಾವೇ ಸಾಲ ಮಾಡಿ ಅದನ್ನು ಕೊಂಡು, ಮೂರು ದಿನ ಅದರಲ್ಲಿಟ್ಟು, ನಾಲ್ಕನೆಯ ದಿನ ತೆಗೆದು ಕಸಕ್ಕೆ ಎಸೆಯುತ್ತೇವೆ.

ತಂಗಳೆಂದರೆ ಬಡತನದ ಅಡುಗೆ ಎನ್ನುವವರು ಒಮ್ಮೆ ನಮ್ಮ ನಾಡಿನ ತಿಂಡಿಗಳನ್ನೇ ನೆನಪಿಸಿಕೊಳ್ಳಲಿ. ರಾತ್ರಿಯ ಅನ್ನಕ್ಕೆ ಈರುಳ್ಳಿ, ಹಸಿಮೆಣಸು, ಕಡಲೆಬೀಜ, ಅರಿಶಿನದ ಒಗ್ಗರಣೆ ಹಾಕಿ ನಿಂಬೆ ಹಿಂಡಿದರೆ ಚಿತ್ರಾನ್ನ. ಮಿಕ್ಕ ಅನ್ನವನ್ನು ಅಕ್ಕಿ ಹಿಟ್ಟಿನೊಡನೆ ನಾದಿದರೆ ರೊಟ್ಟಿ ಮೃದುವಾಗುತ್ತದೆ. ಉಳಿದ ಇಡ್ಲಿ ಪುಡಿ ಮಾಡಿದರೆ ಉಪ್ಪಿಟ್ಟು. ಹುಳಿ ಬಂದ ದೋಸೆ ಹಿಟ್ಟಿಗೆ ಈರುಳ್ಳಿ ಸೇರಿಸಿ ಹುಯ್ದರೆ ಪಡ್ಡು. ಉತ್ತರ ಕರ್ನಾಟಕದಲ್ಲಂತೂ ಜೋಳದ ರೊಟ್ಟಿಯನ್ನು ಒಣಗಿಸಿ ವಾರಗಟ್ಟಲೆ ಇಡುತ್ತಾರೆ, ಹಸಿವಾದಾಗ ಮುರಿದು ಮೊಸರಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಕಡೆ ಮಣ್ಣಿನ ಚಟ್ಟಿಯಲ್ಲಿ ಉಳಿದ ಮೀನು ಸಾರನ್ನು ಮರುದಿನ ಕುದಿಸಿ ಬತ್ತಿಸಿ ಕುಚ್ಚಲಕ್ಕಿ ಗಂಜಿಯೊಂದಿಗೆ ಉಣ್ಣುವವರು ಹೊಸ ಸಾರಿಗೆ ಆಸೆ ಪಡುವುದಿಲ್ಲ. ಇದು ತಲೆಮಾರುಗಳ ಹೆಂಗಸರು ಕಟ್ಟಿದ ವಿದ್ಯೆ. ಇದಕ್ಕೆ ಪದವಿಯಿಲ್ಲ, ಹಾಗಾಗಿ ಮರ್ಯಾದೆಯೂ ಇಲ್ಲ.

ವಿದ್ಯೆ ಎಂದ ಮೇಲೆ ಶಿಸ್ತೂ ಬೇಕು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೆಂದ ಮೇಲೂ ಬದುಕಿ ಉಳಿಯಬಲ್ಲವು. ಅನ್ನವನ್ನು ಬೆಚ್ಚಗೆ ಹೊರಗೇ ಬಿಟ್ಟರೆ ಅವು ಬೆಳೆದು ವಿಷ ಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ ಮರುದಿನವೇ ಮುಗಿಸಬೇಕು. ವಾಸನೆ ಬಂದದ್ದನ್ನು ಮಸಾಲೆ ಹಾಕಿ ಮುಚ್ಚುವುದು ಉಳಿತಾಯವಲ್ಲ, ಮೂರ್ಖತನ.

ಇನ್ನು ಎಸೆಯುವವರ ವಿಷಯ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ಶೇ. 60ರಷ್ಟು ಪೋಲಾದದ್ದು ಮನೆಗಳಲ್ಲಿ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಎಂಬುದು ಅದೇ ವರದಿಯ ಅಂದಾಜು. ಮದುವೆ ಮಂಟಪದ ಹಿಂದಿನ ರಾಶಿಯನ್ನು ತೋರಿಸಿ ಮರುಗುವುದು ಸುಲಭ. ನಮ್ಮ ಅಡುಗೆಮನೆಯ ಡಬ್ಬಿ ತೆರೆದು ನೋಡುವುದು ಕಷ್ಟ.

‘ಸಮಯ ಎಲ್ಲಿದೆ?’ ಎಂದು ಕೇಳುವವರಿದ್ದಾರೆ. ಒಗ್ಗರಣೆಗೆ ಹತ್ತು ನಿಮಿಷ ಸಾಕು. ಮೊಬೈಲಿನಲ್ಲಿ ಬಿರಿಯಾನಿ ಆರಿಸಲು, ರಿಯಾಯಿತಿ ಹುಡುಕಲು, ಹುಡುಗ ಎಲ್ಲಿಗೆ ಬಂದ ಎಂದು ನಕ್ಷೆ ನೋಡುತ್ತಾ ಕೂರಲು ಅದಕ್ಕಿಂತ ಹೆಚ್ಚು ಬೇಕು. ಸಮಯದ ನಿಜವಾದ ಲೆಕ್ಕ ಬೇರೆಯೇ ಇದೆ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಟ್ಟರೆ ಗಂಡಸರು ಕೊಡುವುದು 88 ನಿಮಿಷ. ‘ಮದುವೆಯಾಗಿಬಿಡು’ ಎಂಬ ಸಲಹೆಯ ಒಳಗೆ ಅಡಗಿರುವುದು ಈ ಅಂತರವೇ. ಊಟದ ಸಮಸ್ಯೆಗೆ ಮದುವೆಯನ್ನು ಮದ್ದಾಗಿ ಸೂಚಿಸುವವರು ಹುಡುಕುತ್ತಿರುವುದು ಬಾಳ ಸಂಗಾತಿಯನ್ನಲ್ಲ, ಬಿಟ್ಟಿ ಅಡುಗೆಯವಳನ್ನು.

ಹಾಗೆಂದು ನಾನು ತಂಗಳನ್ನು ಪೂಜಿಸಲು ಹೊರಟಿಲ್ಲ. ತಾವು ತಿನ್ನದ ತಂಗಳನ್ನು ಕೆಲಸದವಳ ಕೈಗಿಟ್ಟು ಪುಣ್ಯ ಕಟ್ಟಿಕೊಂಡೆವು ಎಂದು ಬೀಗುವ ಮನೆಗಳನ್ನು ನೋಡಿದ್ದೇನೆ. ಅದು ದಾನವಲ್ಲ, ಅವಮಾನ. ಕೂಲಿಯ ಜತೆಗೆ ತಂಗಳನ್ನು ಉಂಡು ಬೆಳೆದ ಜನರಿಗೆ ಆ ಪದವೇ ಹುಣ್ಣಿನಂತೆ ನೋಯುತ್ತದೆ, ಅವರಿಗೆ ಅದರ ಗುಣಗಾನ ಮಾಡುವ ಹಕ್ಕು ನನಗಿಲ್ಲ. ನಾನು ಹೇಳುವುದಿಷ್ಟೇ: ತಂಗಳಿಗೆ ಅಂಟಿದ ಕೀಳುತನ ಅನ್ನದ್ದಲ್ಲ, ಅದನ್ನು ಯಾರ ಪಾಲಿಗೆ ಬಿಟ್ಟಿದ್ದೇವೆ ಎಂಬುದರದ್ದು. ಬೇಯಿಸಿದವನೇ ಉಳಿದದ್ದನ್ನೂ ಉಣ್ಣುವಲ್ಲಿ ಆ ಕೀಳುತನ ಇರುವುದಿಲ್ಲ.

ಒಂಟಿ ಹೆಂಗಸರ ಕತೆ ಇದರ ಇನ್ನೊಂದು ಮುಖ. ಮಕ್ಕಳು ಊರು ಬಿಟ್ಟು, ಗಂಡ ತೀರಿಹೋದ ಮೇಲೆ ‘ನನ್ನೊಬ್ಬಳಿಗೆ ಯಾಕೆ ಅಡುಗೆ?’ ಎಂದು ಚಹಾ, ಬನ್ನಿನಲ್ಲಿ ದಿನ ದೂಡುವವರು ನಮ್ಮ ನಡುವೆ ಇದ್ದಾರೆ. ಬದುಕಿಡೀ ಇತರರಿಗಾಗಿ ಒಲೆ ಹಚ್ಚಿದವರಿಗೆ ತನಗಾಗಿ ಹಚ್ಚುವುದು ತಪ್ಪೆನಿಸುವಂತೆ ಮಾಡಿದ್ದು ಯಾರು?

ಕಳೆದ ಸಲ ಊರಿಗೆ ಹೋದಾಗ ಉಮ್ಮ ಎಂದಿನಂತೆ ನನಗೆ ಬಿಸಿ ಅನ್ನ ಬಡಿಸಿ, ನಿನ್ನೆಯದನ್ನು ತನ್ನ ಬಟ್ಟಲಿಗೆ ಹಾಕಿಕೊಂಡರು. ನಾನು ಅದರಲ್ಲಿ ಅರ್ಧ ಕೇಳಿದೆ. ‘ನಿನಗೆ ಯಾಕೆ ಮಗನೇ?’ ಎಂದರು. ಆ ಪ್ರಶ್ನೆಯನ್ನು ನಾವು ಅವರಿಗೆ ಎಂದಾದರೂ ಕೇಳಿದ್ದೆವೇ? ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮನೆಯಲ್ಲಿ ನಿನ್ನೆಯದು ಯಾರ ತಟ್ಟೆಗೆ ಹೋಗುತ್ತದೆಂದು ಗಮನಿಸಿ. ಗಮನಿಸಿದ ಮೇಲೆ ಸುಮ್ಮನಿರಬೇಡಿ, ನಿಮ್ಮ ತಟ್ಟೆಯನ್ನೂ ಮುಂದಿಡಿ.