ಕಾರವಾರದ ನೌಕಾನೆಲೆ ಬೆಳೀತಾ ಐತಿ, ಘಟ್ಟದ ರೈಲು ಯಾವಾಗ? ಗೋಕಾಕ, ಮೂಡಲಗಿ, ಹುಕ್ಕೇರಿಗೂ ಸಂಬಂಧಿಸಿದ ಪ್ರಶ್ನೆ

ಗೋಕಾಕ: ಸಮುದ್ರವೇ ಇಲ್ಲದ ನಮ್ಮ ತಾಲೂಕುಗಳಿಗೆ ಕಾರವಾರದ ನೌಕಾನೆಲೆ ಚಿಂತಿ ಯಾಕ ಅಂತ ಕೇಳೋರು ಇದ್ದಾರೆ. ಉತ್ತರ ರಸ್ತೆ ಮತ್ತು ರೈಲಿನಲ್ಲಿದೆ.

1971ರ ಯುದ್ಧದ ಹೊತ್ತಿಗೆ ಪಶ್ಚಿಮ ಕರಾವಳಿಯಲ್ಲಿ ನೌಕಾಪಡೆಯ ದೊಡ್ಡ ನೆಲೆ ಅಂದ್ರೆ ಮುಂಬೈ. ಅಲ್ಲಿ ಸರಕು ಹಡಗು, ಮೀನುಗಾರರ ದೋಣಿಗಳ ಗದ್ದಲ. ಬೇರೆ ಜಾಗ ಹುಡುಕಿದಾಗ ಸಿಕ್ಕಿದ್ದು ಕಾರವಾರ. ಆಳದ ನೀರು, ಮರೆಗೆ ಗುಡ್ಡ ಮತ್ತು ದ್ವೀಪಗಳು, ಮೇಲಾಗಿ ಪಾಕಿಸ್ತಾನದಿಂದ ಮುಂಬೈಗಿಂತ ದೂರ. 1986ರಲ್ಲಿ ರಾಜೀವ್ ಗಾಂಧಿ ‘ಸೀಬರ್ಡ್’ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೆಲೆ ಶುರುವಾಯಿತು. ವಿಮಾನವಾಹಕ ನೌಕೆ ವಿಕ್ರಮಾದಿತ್ಯ ನಿಲ್ಲೋದು ಇಲ್ಲೇ. ಈಗಿನ ಹಂತ ಮುಗಿದರೆ 32 ಯುದ್ಧನೌಕೆ, ಸಬ್‌ಮರೀನ್‌ಗಳಿಗೆ ಜಾಗ ಆಗ್ತದೆ. 2025ರ ಏಪ್ರಿಲ್ 5ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ 2,000 ಕೋಟಿ ರೂ.ಗೂ ಹೆಚ್ಚಿನ ಕಾಮಗಾರಿ ಉದ್ಘಾಟಿಸಿದರು.

ತೊಡಕು ನೆಲದ ಕಡೆ

ಅಂಗಡಿ ಎಷ್ಟೇ ದೊಡ್ಡದಿರಲಿ, ಹಿಂದಿನಿಂದ ಮಾಲು ಬರದಿದ್ರೆ ಕಪಾಟು ಖಾಲಿ. ನೌಕಾನೆಲೆಯೂ ಹಂಗೇ. ಡೀಸೆಲ್, ಬಿಡಿಭಾಗ, ರೇಷನ್ ನೆಲದ ದಾರಿಯಿಂದಲೂ ಬರಬೇಕು. ಕಾರವಾರಕ್ಕೆ ಇರೋದು ಹೆದ್ದಾರಿ 66, ಕೊಂಕಣ ರೈಲ್ವೆ ಮತ್ತು ಘಟ್ಟದ ರಸ್ತೆಗಳು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ತಿಂಗಳು ತುಂಬೋದರೊಳಗೆ ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು. ಎರಡೂ ಮಳೆಗಾಲದ ಅನಾಹುತ. ಯುದ್ಧದ ಹೊತ್ತಿನಲ್ಲಿ ಇಂಥದ್ದೇ ಆದರೆ?

ಇದಕ್ಕೆ ಮದ್ದು ಅಂತ ಹೇಳ್ತಾ ಬಂದದ್ದು ಸುಮಾರು 165 ಕಿ.ಮೀ. ಉದ್ದದ ಹುಬ್ಬಳ್ಳಿ-ಅಂಕೋಲಾ ರೈಲು. 1990ರ ದಶಕದಲ್ಲೇ ಒಪ್ಪಿಗೆ ಸಿಕ್ಕರೂ ಅರಣ್ಯ ಅನುಮತಿ, ಕೋರ್ಟ್ ಕೇಸುಗಳಲ್ಲಿ ಸಿಕ್ಕಿಬಿದ್ದಿದೆ. ಕಾಡು ಉಳಿಸಬೇಕು ಅನ್ನೋರ ಮಾತನ್ನೂ ತಳ್ಳಿಹಾಕಂಗಿಲ್ಲ. ಶಿರೂರು ಕಲಿಸಿದ ಪಾಠವೂ ಅದೇ: ಗುಡ್ಡ ಕಡಿದರೆ ಗುಡ್ಡ ಬೀಳ್ತದೆ. ಆದರೆ ಸುರಂಗ, ಮಾರ್ಗ ಬದಲು, ಏನಾದರೊಂದು ತೀರ್ಮಾನ ಆಗಲೇಬೇಕು.

ನಮಗೇನು?

ಇವತ್ತು ಘಟಪ್ರಭಾ ಸ್ಟೇಷನ್‌ನಿಂದ ರೈಲಿನಲ್ಲಿ ಕಾರವಾರಕ್ಕೆ ಹೋಗಬೇಕಂದ್ರೆ ಲೋಂಡಾ, ಕ್ಯಾಸಲ್‌ರಾಕ್, ಮಡಗಾಂವ್ ಸುತ್ತಬೇಕು. ಅಂಕೋಲಾ ಮಾರ್ಗ ಆದರೆ ನಮ್ಮ ಸಕ್ಕರೆ, ಬೆಲ್ಲ, ಗೋವಿನಜೋಳಕ್ಕೆ ಕರಾವಳಿಗೆ ಎರಡನೇ ದಾರಿ ಸಿಗ್ತದೆ. ನೌಕಾಪಡೆಗೂ ಮಳೆಗಾಲದಲ್ಲಿ ಕೈಕೊಡದ ಇನ್ನೊಂದು ದಾರಿ ಬೇಕು. ಎರಡೂ ಒಂದೇ ಬೇಡಿಕೆ.

ಗೋಕಾಕ, ಮೂಡಲಗಿ ಬೆಳಗಾವಿ ಲೋಕಸಭಾ ಕ್ಷೇತ್ರದಾಗ, ಹುಕ್ಕೇರಿ ಚಿಕ್ಕೋಡಿ ಕ್ಷೇತ್ರದಾಗ ಬರ್ತವೆ. ವ್ಯಾಪಾರಸ್ಥರು ಇಬ್ಬರೂ ಸಂಸದರಿಗೆ ಒಂದೇ ಪ್ರಶ್ನೆ ಕೇಳಲಿ: ಅಂಕೋಲಾ ರೈಲಿನ ಕಡತ ಈಗ ಯಾರ ಟೇಬಲ್ ಮೇಲಿದೆ?